ಮೋಟರ್‌ಹೋಮ್‌ನಲ್ಲಿ ವಾಕಿಟಾಕಿ: ಆಸ್ಟ್ರೇಲಿಯಾದ ರಸ್ತೆಗೆ ಯುಎಚ್‌ಎಫ್ ರೇಡಿಯೊ ಇನ್ನೂ ಬೇಕೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೆಲ್ಬರ್ನ್‌ನಿಂದ ಗ್ರೇಟ್ ಓಷನ್ ರೋಡ್‌ಗೆ ಮೂರು ದಿನ ಹೋಗಿಬರುವವರಿಗೆ ದೊಡ್ಡ ರೇಡಿಯೊ ಬೇಕಿಲ್ಲ. ಗಾಡಿ ರಿವರ್ಸ್ ತೆಗೆಯುವಾಗ ಬಳಸಲು ಒಂದು ಜೊತೆ ಅಗ್ಗದ ಹ್ಯಾಂಡ್‌ಸೆಟ್ ಸಾಕು. ಅಡಿಲೇಡ್‌ನಿಂದ ಡಾರ್ವಿನ್‌ಗೆ, ಇಲ್ಲವೇ ನಲ್ಲರ್ಬರ್ ಬಯಲು ದಾಟಿ ಪರ್ತ್‌ಗೆ ಹೊರಟಿದ್ದರೆ ಮಾತ್ರ 5 ವ್ಯಾಟ್‌ನ ಯುಎಚ್‌ಎಫ್ ಸಿಬಿ (ಸಿಟಿಜನ್ಸ್ ಬ್ಯಾಂಡ್, ಅಂದರೆ ಜನಸಾಮಾನ್ಯರಿಗೆ ಬಿಟ್ಟ ತರಂಗ ಪಟ್ಟಿ) ರೇಡಿಯೊ ಗಾಡಿಯಲ್ಲಿ ಇರಲೇಬೇಕು. ಹರಟೆ ಹೊಡೆಯಲು ಅಲ್ಲ, ತುರ್ತು ಸಹಾಯ ಕರೆಯಲೂ ಅಲ್ಲ. ನಿಮ್ಮ ಮುಂದಿರುವ ಲಾರಿಯ ಡ್ರೈವರ್‌ಗೆ ಕಾಣುವ ರಸ್ತೆ ನಿಮಗೆ ಕಾಣುವುದಿಲ್ಲ, ಅವನ ಫೋನ್ ನಂಬರೂ ನಿಮ್ಮ ಹತ್ತಿರ ಇಲ್ಲ. ರೇಡಿಯೊ ಬೇಕಾಗುವುದು ಅಲ್ಲಿ.

ಹೆಸರಿನ ಗೊಂದಲವನ್ನು ಒಮ್ಮೆ ಬಿಡಿಸಿಕೊಳ್ಳೋಣ. ಅಮೆರಿಕದ ಲಾರಿಗಳಲ್ಲಿ ಇರುವ ಸಿಬಿ 27 ಮೆಗಾಹರ್ಟ್ಸ್‌ನದು: ಉದ್ದನೆಯ ಕಡ್ಡಿ, ಕರಕರ ಸದ್ದು. ಆಸ್ಟ್ರೇಲಿಯಾದಲ್ಲೂ ಅದಕ್ಕೆ ಅನುಮತಿಯಿದೆ, ಆದರೆ ಹೆದ್ದಾರಿಯಲ್ಲಿ ಅದಕ್ಕೆ ಕಿವಿಗೊಡುವವರು ಈಗ ಇಲ್ಲವೆಂದೇ ಹೇಳಬೇಕು. ಇಲ್ಲಿ ಎಲ್ಲರೂ ಬಳಸುವುದು 1977ರಲ್ಲಿ ಶುರುವಾದ ಯುಎಚ್‌ಎಫ್ ಸಿಬಿ. 476.4250ರಿಂದ 477.4125 ಮೆಗಾಹರ್ಟ್ಸ್‌ವರೆಗಿನ ಪಟ್ಟಿ, ಎಫ್‌ಎಂ ಧ್ವನಿ, ಹೆಚ್ಚೆಂದರೆ 5 ವ್ಯಾಟ್. ಮೊದಲು 40 ಚಾನೆಲ್ ಇತ್ತು. 2011ರಲ್ಲಿ ಚಾನೆಲ್‌ಗಳ ನಡುವಿನ ಅಂತರವನ್ನು 25 ಕಿಲೋಹರ್ಟ್ಸ್‌ನಿಂದ 12.5ಕ್ಕೆ ಇಳಿಸಿ 80 ಮಾಡಿದರು. ಎಲ್ಲರಿಗೂ ಒಂದೇ ಸಾಮೂಹಿಕ ಪರವಾನಗಿ ಇರುವುದರಿಂದ ಅರ್ಜಿ, ಶುಲ್ಕ, ಪರೀಕ್ಷೆ ಯಾವುದೂ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು 40 ಚಾನೆಲ್‌ನ ಹಳೆಯ ಸೆಟ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅದರಲ್ಲಿ 41ರಿಂದ ಮೇಲಿನದು ಕೇಳಿಸುವುದಿಲ್ಲ, ಹೊಸ ಸೆಟ್‌ನವರ ಮಾತು ಸಣ್ಣಗೆ ಬರುತ್ತದೆ, ನಿಮ್ಮ ಮಾತು ಅವರಿಗೆ ಒಡೆದಂತೆ ಜೋರಾಗಿ ಕೇಳುತ್ತದೆ.

ಎಂಬತ್ತು ಚಾನೆಲ್‌ಗಳಲ್ಲಿ ನೆನಪಿಡಬೇಕಾದವು ಬೆರಳೆಣಿಕೆಯಷ್ಟು. 40 ಹೆದ್ದಾರಿಯ ಚಾನೆಲ್, ಲಾರಿಯವರೆಲ್ಲ ಅದರಲ್ಲೇ. ನ್ಯೂ ಸೌತ್ ವೇಲ್ಸ್‌ನ ಉತ್ತರ ಕರಾವಳಿಯ ಪೆಸಿಫಿಕ್ ಹೆದ್ದಾರಿಯಲ್ಲಿ 29. ಕಾರವಾನ್, ಮೋಟರ್‌ಹೋಮ್‌ನವರ ರೂಢಿ 18, ಫೋರ್‌ವೀಲ್ ಗುಂಪುಗಳದ್ದು 10. ಯಾರನ್ನಾದರೂ ಕರೆದು ಬೇರೆ ಚಾನೆಲ್‌ಗೆ ಹೋಗಲು 11. 5 ಮತ್ತು 35 ತುರ್ತು ಬಳಕೆಗೆ ಮಾತ್ರ; ಅಲ್ಲಿ ಹರಟಿದರೆ ದಂಡವಿದೆ. 22, 23 ದತ್ತಾಂಶ ಕಳಿಸುವ ಯಂತ್ರಗಳದ್ದು, ಮಾತಾಡುವಂತಿಲ್ಲ. 61, 62, 63 ಖಾಲಿ ಬಿಟ್ಟ ಚಾನೆಲ್‌ಗಳು. 1ರಿಂದ 8, 41ರಿಂದ 48 ಗುಡ್ಡದ ಮೇಲಿನ ರಿಪೀಟರ್‌ಗಳು (ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರಗಳು) ಮಾತಾಡುವ ಚಾನೆಲ್‌ಗಳು. 31ರಿಂದ 38, 71ರಿಂದ 78 ಅವು ಕೇಳಿಸಿಕೊಳ್ಳುವ ಚಾನೆಲ್‌ಗಳು. ಹಾಗಾಗಿ ನಿಮ್ಮ ಮನೆಯವರ ಮಾತಿಗೆ 12ರಿಂದ 17, 49ರಿಂದ 60 ಅಥವಾ 64ರಿಂದ 70ರ ನಡುವೆ ಯಾವುದಾದರೊಂದನ್ನು ಹಿಡಿದುಕೊಳ್ಳಿ.

ಇನ್ನು ಅಸಲು ವಿಷಯ, ರೋಡ್ ಟ್ರೇನ್. ಒಂದು ಎಂಜಿನ್, ಹಿಂದೆ ಮೂರು ಟ್ರೇಲರ್, ಉದ್ದ 53.5 ಮೀಟರ್‌ವರೆಗೆ. ಅದು ಗಂಟೆಗೆ 90ರಲ್ಲಿ ಹೋಗುತ್ತಿದೆ, ನಿಮ್ಮ 7 ಮೀಟರ್ ಮೋಟರ್‌ಹೋಮ್ 100ರಲ್ಲಿ ಇದೆ ಎಂದುಕೊಳ್ಳಿ. ಹಿಂದೆ 40, ಮುಂದೆ 40 ಮೀಟರ್ ಅಂತರ ಬಿಟ್ಟರೆ ನೀವು ಅದಕ್ಕಿಂತ ಒಟ್ಟು 140 ಮೀಟರ್ ಮುಂದೆ ಹೋಗಬೇಕು. ವೇಗದ ವ್ಯತ್ಯಾಸ ಸೆಕೆಂಡಿಗೆ 2.8 ಮೀಟರ್, ಅಂದರೆ 50 ಸೆಕೆಂಡ್ ನೀವು ಎದುರು ಬರುವವರ ಪಥದಲ್ಲಿ. ಅಷ್ಟರಲ್ಲಿ ನೀವು 1.4 ಕಿ.ಮೀ. ಹೋಗಿರುತ್ತೀರಿ, ಎದುರಿನ ಗಾಡಿಯೂ 1.4 ಕಿ.ಮೀ. ಬಂದಿರುತ್ತದೆ. ಹೀಗೆ 2.8 ಕಿ.ಮೀ. ಖಾಲಿ ರಸ್ತೆ ಬೇಕು. ಟ್ರೇಲರ್‌ನ ಹಿಂದೆ ಕೂತವರಿಗೆ, ಬಿಸಿಲಿನಲ್ಲಿ ರಸ್ತೆಯೇ ನೀರಿನಂತೆ ನಡುಗುವಾಗ, ಅಷ್ಟು ದೂರ ಕಾಣುವುದಿಲ್ಲ. ಎತ್ತರದ ಕ್ಯಾಬಿನ್‌ನಲ್ಲಿ ಕೂತ ಡ್ರೈವರ್‌ಗೆ ಕಾಣುತ್ತದೆ. 40ರಲ್ಲಿ ಒಂದು ವಾಕ್ಯ ಸಾಕು: ಯಾವ ಬಣ್ಣದ ಲಾರಿ, ಯಾವ ದಿಕ್ಕಿಗೆ ಹೋಗುತ್ತಿದೆ, ಹಿಂದಿರುವ ಬಿಳಿ ಮೋಟರ್‌ಹೋಮ್ ನಾವು, ದಾಟಬಹುದೇ? ಖಾಲಿ ಇದ್ದರೆ ಹೇಳುತ್ತಾನೆ, ಇಲ್ಲದಿದ್ದರೆ 'ವೆಯ್ಟ್, ಮೇಟ್' ಅನ್ನುತ್ತಾನೆ. ಅವನು ಹೇಳಿದ ಮೇಲೂ ಕಣ್ಣಿಟ್ಟು ನೋಡಬೇಕಾದವರು ನೀವೇ. ಎದುರಿಗೆ ಏನಾದರೂ ಕಂಡರೆ ಅವನ ಮಾತನ್ನು ಮರೆತು ಬ್ರೇಕ್ ಹಾಕಿ.

ಇದರ ತಿರುವುಮುರುವು ಇನ್ನೂ ಹೆಚ್ಚು ಸಲ ಆಗುತ್ತದೆ: ಬಾಡಿಗೆ ಮೋಟರ್‌ಹೋಮ್ 85ರಲ್ಲಿ ತೇಲುತ್ತಿರುತ್ತದೆ, ಹಿಂದೆ ರೋಡ್ ಟ್ರೇನ್ ಬಂದು ನಿಲ್ಲುತ್ತದೆ. ಗಾಬರಿಯಿಂದ ಎಡಗಡೆಯ ಜಲ್ಲಿಗೆ ಇಳಿಸುವುದು ದೊಡ್ಡ ತಪ್ಪು. ಕಲ್ಲು ಸಿಡಿದು ಅವನ ಗಾಜಿಗೆ, ಧೂಳೆದ್ದು ಅವನ ಕಣ್ಣಿಗೆ. ವೇಗ ಏರಿಳಿಸದೆ ನೇರ ಹೋಗುತ್ತಿರಿ. ಮುಂದೆ ಖಾಲಿ ಇದ್ದರೆ ರೇಡಿಯೊದಲ್ಲಿ ಹೇಳಿ. ಅವನು ಬಲಕ್ಕೆ ಹೊರಟ ಮೇಲೆ ಆಕ್ಸಲರೇಟರ್ ಸ್ವಲ್ಪ ಬಿಡಿ. ಕೊನೆಯ ಟ್ರೇಲರ್ ನಿಮ್ಮನ್ನು ದಾಟಿದ ಕೂಡಲೇ ಒಳಗೆ ಬರಬಹುದು ಎಂದು ತಿಳಿಸಿ. 50 ಮೀಟರ್ ಹಿಂದಿನ ಬಾಲ ಎಲ್ಲಿದೆ ಎಂದು ಕನ್ನಡಿಯಲ್ಲಿ ಅಳೆಯುವ ಕಷ್ಟ ಅವನಿಗೆ ತಪ್ಪುತ್ತದೆ.

ಮೂರನೆಯದು ಅಗಲದ ಹೊರೆ. ಗಣಿಯ ಡಂಪರ್, ಅರ್ಧ ಮನೆ, ಇಂಥವನ್ನು ಹೊತ್ತ ಲಾರಿಗಳ ಮುಂದೆ ಪೈಲಟ್ ಗಾಡಿ ಬರುತ್ತದೆ, 40ರಲ್ಲಿ ಅಗಲ ಎಷ್ಟು ಮೀಟರ್ ಎಂದು ಕೂಗುತ್ತಾ. ಕೇಳಿಸಿದರೆ ಅಗಲವಾದ ಜಾಗ ನೋಡಿ ನಿಧಾನವಾಗಿ ರಸ್ತೆಯಿಂದ ಪೂರ್ತಿ ಇಳಿದು ನಿಲ್ಲಲು ಸಮಯ ಸಿಗುತ್ತದೆ. ಕೇಳಿಸದಿದ್ದರೆ ಏರು ದಾಟಿದ ತಕ್ಷಣ ಎರಡೂ ಪಥ ತುಂಬಿಕೊಂಡ ಹೊರೆ ಎದುರಿಗೆ. ಈ ಒಂದು ಕಾರಣಕ್ಕೇ ಪಶ್ಚಿಮ ಆಸ್ಟ್ರೇಲಿಯಾದ ಗಣಿ ರಸ್ತೆಗಳಲ್ಲಿ ಹೋಗುವವರಿಗೆ ರೇಡಿಯೊ ಹಾಕಿಸಿಕೊಳ್ಳಿ ಎನ್ನುತ್ತೇವೆ.

40ರ ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಬೈಗುಳ ಧಾರಾಳ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಧ್ವನಿ ತಗ್ಗಿಸಿ ಇಟ್ಟುಕೊಳ್ಳಿ, ಆದರೆ ಆಫ್ ಮಾಡಬೇಡಿ. ಆಫ್ ಆದ ರೇಡಿಯೊ ಇದ್ದೂ ಇಲ್ಲದಂತೆ.

ಈಗ ದೂರದ ಲೆಕ್ಕ. ಡಬ್ಬಿಯ ಮೇಲೆ ಎಷ್ಟು ಕಿಲೋಮೀಟರ್ ಬರೆದಿದ್ದರೂ ಈ ಅಲೆಗಳು ಹೆಚ್ಚುಕಡಿಮೆ ನೇರ ನೋಟದಲ್ಲೇ ಸಾಗುತ್ತವೆ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಒಂದೊಂದರ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ನಿಮ್ಮದು 3 ಮೀಟರ್, ಲಾರಿಯದ್ದು 2.5 ಮೀಟರ್ ಎತ್ತರದಲ್ಲಿದ್ದರೆ ಸುಮಾರು 13.6 ಕಿ.ಮೀ. ಬಯಲಿನಲ್ಲಿ ಅದರ ಹತ್ತಿರ ಹೋಗಬಹುದು. ಗುಡ್ಡ, ಕಾಡಿನಲ್ಲಿ ಮೂರ್ನಾಲ್ಕು ಕಿ.ಮೀ. ಸಿಕ್ಕರೆ ಪುಣ್ಯ. ಗಾಡಿಯೊಳಗೆ ಕೈಯಲ್ಲಿ ಹಿಡಿದ ಸಣ್ಣ ಸೆಟ್‌ಗೆ ಒಂದೆರಡು ಕಿ.ಮೀ. ಅರ್ಧ ವ್ಯಾಟ್‌ನಿಂದ 5 ವ್ಯಾಟ್‌ಗೆ ಹೋದರೆ ಶಕ್ತಿ ಹತ್ತು ಪಟ್ಟಾಗುತ್ತದೆ, ದಿಗಂತ ಒಂದು ಮೀಟರೂ ಸರಿಯುವುದಿಲ್ಲ. ಆ ಹೆಚ್ಚಿನ ಶಕ್ತಿ ಕೆಲಸಕ್ಕೆ ಬರುವುದು ಮರ, ಲೋಹದ ಗೋಡೆ, ಗಾಜಿನ ಲೇಪನ ಇವು ನುಂಗಿಹಾಕುವುದನ್ನು ತುಂಬಿಕೊಡಲು. ಆದ್ದರಿಂದ ಹಣ ಇದ್ದರೆ ಮೊದಲು ಆಂಟೆನಾಗೆ ಹಾಕಿ, ಆಮೇಲೆ ಸೆಟ್‌ಗೆ.

ಆಂಟೆನಾದ ಮೇಲೆ ಬರೆದಿರುವ ಡಿಬಿಐ ಸಂಖ್ಯೆ (ಅಲೆಯನ್ನು ಎಷ್ಟು ಒಂದೆಡೆಗೆ ಒತ್ತಿ ಕಳಿಸುತ್ತದೆ ಎಂಬ ಅಳತೆ) ದೊಡ್ಡದಾದಷ್ಟೂ ಒಳ್ಳೆಯದಲ್ಲ. 3 ಡಿಬಿಐಯದ್ದು ಅಲೆಯನ್ನು ಕುಂಬಳಕಾಯಿಯಂತೆ ದುಂಡಗೆ ಹರಡುತ್ತದೆ, ಏರಿಳಿತದ ರಸ್ತೆಗೆ ಅದೇ ಸರಿ. 9 ಡಿಬಿಐಯದ್ದು ತಟ್ಟಿದ ಅಕ್ಕಿರೊಟ್ಟಿಯಂತೆ ಚಪ್ಪಟೆ. ನಲ್ಲರ್ಬರ್‌ನ ಬಯಲಿಗೆ ಹೇಳಿಮಾಡಿಸಿದ್ದು, ಗುಡ್ಡಗಾಡಿನಲ್ಲಿ ಅಲೆ ಎದುರಿನವರ ತಲೆಯ ಮೇಲೆ ಹಾದುಹೋಗುತ್ತದೆ. ಒಂದೇ ಕೊಳ್ಳುವುದಾದರೆ 6.6 ಡಿಬಿಐ ಹತ್ತಿರದ್ದು.

ಮೋಟರ್‌ಹೋಮ್‌ನ ನಿಜವಾದ ತಲೆನೋವು ಅದರ ಮೈ. ಸಾಮಾನ್ಯ ಕಾರಿನ ಉಕ್ಕಿನ ಛಾವಣಿಯೇ ಆಂಟೆನಾದ ಅರ್ಧಭಾಗದ ಕೆಲಸ ಮಾಡುತ್ತದೆ. ಮೋಟರ್‌ಹೋಮ್‌ನ ಛಾವಣಿ ಫೈಬರ್‌ಗ್ಲಾಸ್. ಅಲ್ಲಿ ಆ ಅರ್ಧವೂ ಇಲ್ಲ, ಮ್ಯಾಗ್ನೆಟ್ ಬೇಸ್ ಅಂಟುವುದೂ ಇಲ್ಲ. ಮೈ ಅಲ್ಯೂಮಿನಿಯಂ ಆದರೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದಕ್ಕಾಗಿ ಕೊಳ್ಳುವಾಗ 'ಗ್ರೌಂಡ್ ಇಂಡಿಪೆಂಡೆಂಟ್' ಎಂದು ಬರೆದಿರುವ ಆಂಟೆನಾವನ್ನೇ ಕೇಳಿ. ಕೂರಿಸಲು ಬುಲ್‌ಬಾರ್ (ಗಾಡಿಯ ಮುಂದಿನ ಲೋಹದ ಕಾವಲು ಚೌಕಟ್ಟು) ಇದ್ದರೆ ಅದು, ಇಲ್ಲದಿದ್ದರೆ ಬಾನೆಟ್ ಅಂಚಿಗೆ ಸ್ಕ್ರೂ ಬಿಗಿಯುವ ಸ್ಟೇನ್‌ಲೆಸ್ ಬ್ರಾಕೆಟ್. ಛಾವಣಿಯ ಮೇಲೆ ಹಾಕಿದರೆ ಎತ್ತರ ಸಿಗುತ್ತದೆ ನಿಜ. ಆದರೆ ಗಾಡಿಯೇ 3.2 ಮೀಟರ್ ಇದೆ, ಮೇಲೆ ಮುಕ್ಕಾಲು ಮೀಟರ್ ಕಡ್ಡಿ ಸೇರಿದರೆ ಪೆಟ್ರೋಲ್ ಬಂಕ್‌ನ ಛಾವಣಿ, ಮರದ ಕೊಂಬೆ ಅದನ್ನು ಉಳಿಸುವುದಿಲ್ಲ. ಮಡಚುವ ಬುಡ ಇರುವುದನ್ನು ಹಾಕಿ.

ಕೇಬಲ್ ಬಗ್ಗೆ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಆವರ್ತನದಲ್ಲಿ ಸಾದಾ ಆರ್‌ಜಿ-58 ಕೇಬಲ್ 5 ಮೀಟರ್ ಓಡಿದರೆ ಸುಮಾರು ಮೂರನೇ ಒಂದು ಪಾಲು ಶಕ್ತಿ ಬಿಸಿಯಾಗಿ ಹೋಗುತ್ತದೆ. ಹಿಂದಿನ ಏಣಿಗೆ ಆಂಟೆನಾ ಕಟ್ಟಿ ಮುಂದಿನ ಡ್ಯಾಶ್‌ಬೋರ್ಡ್‌ವರೆಗೆ 9 ಮೀಟರ್ ಎಳೆದವರ ಸೆಟ್ 5 ವ್ಯಾಟ್ ಉಗುಳಿದರೂ ಆಂಟೆನಾಗೆ ತಲುಪುವುದು ಎರಡೂವರೆಗಿಂತ ಕಡಿಮೆ. ಕೇಬಲ್ ಚಿಕ್ಕದಿರಲಿ, ಹೆಚ್ಚಾದದ್ದನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಬೇಡಿ, ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ. ಜೋಡಿಸಿದ ಮೇಲೆ ಆಂಟೆನಾದಿಂದ ಎಷ್ಟು ಶಕ್ತಿ ವಾಪಸು ಬರುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು ನೋಡಬೇಕು: 1.5ರ ಒಳಗಿದ್ದರೆ ಒಳ್ಳೆಯದು, 2 ದಾಟಿದರೆ ಕನೆಕ್ಟರ್‌ನ ಹೊರಜಾಲರಿಯ ಒಂದು ಎಳೆ ಒಳತಂತಿಗೆ ತಾಗಿದೆಯೇ ಎಂದು ಮೊದಲು ಹುಡುಕಿ, ಹೆಚ್ಚಿನ ಸಲ ಅದೇ. ಆಂಟೆನಾ ಸಿಕ್ಕಿಸದೆ ಒಮ್ಮೆಯೂ ಮೈಕ್ ಒತ್ತಬೇಡಿ. ಶಕ್ತಿ ವಾಪಸು ಬಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು.

ವಿದ್ಯುತ್ ಸಂಪರ್ಕ ಸುಲಭ, ಒಂದು ಅಪಾಯವನ್ನು ಬಿಟ್ಟರೆ. ಫಿಯಟ್ ಡುಕಾಟೊ, ಮರ್ಸಿಡಿಸ್ ಸ್ಪ್ರಿಂಟರ್ ಮೇಲೆ ಕಟ್ಟಿದ ಗಾಡಿಗಳು 12 ವೋಲ್ಟ್‌ನವು. ಇಸುಜು ಎನ್ ಸರಣಿಯ ಲಾರಿ ಷಾಸಿಯ ಮೇಲೆ ಕಟ್ಟಿದ ದೊಡ್ಡ ಮೋಟರ್‌ಹೋಮ್‌ಗಳು 24 ವೋಲ್ಟ್. 12 ವೋಲ್ಟ್‌ಗೆ ಮಾತ್ರ ಆಗುವ ಸೆಟ್ಟನ್ನು ಎಂಜಿನ್ ಬ್ಯಾಟರಿಗೆ ನೇರ ಕೊಟ್ಟರೆ ಅಲ್ಲಿಗೆ ಮುಗಿಯಿತು. ನಡುವೆ 24 ವೋಲ್ಟನ್ನು 12ಕ್ಕೆ ಇಳಿಸುವ ರೆಡ್ಯೂಸರ್ ಬೇಕು, ಇಲ್ಲವೇ ಎರಡನ್ನೂ ತಡೆಯುವ ಸೆಟ್. ಎರಡು 12 ವೋಲ್ಟ್ ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ಎಳೆಯುವ ಜಾಣತನ ಬೇಡ, ಎರಡೂ ಸಮನಾಗಿ ಚಾರ್ಜ್ ಆಗದೆ ಹಾಳಾಗುತ್ತವೆ. ಧನ (ಪಾಸಿಟಿವ್) ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ, ಕೈಪಿಡಿಯಲ್ಲಿ ಹೇಳಿದ ಆಂಪಿಯರ್‌ನದೇ ಇರಲಿ.

ಸೆಟ್‌ಗಳ ವಿಷಯ ಬೇಗ ಮುಗಿಸಬಹುದು, ಏಕೆಂದರೆ ಕಾನೂನು ಎಲ್ಲರನ್ನೂ 5 ವ್ಯಾಟ್‌ಗೇ ನಿಲ್ಲಿಸಿದೆ. ಮೋಟರ್‌ಹೋಮ್‌ಗೆ ನಮ್ಮ ಆಯ್ಕೆ ಜಿಎಂಇ ಎಕ್ಸ್‌ಆರ್‌ಎಸ್-370ಸಿ ಥರದ್ದು: ಪರದೆ, ಗುಂಡಿ, ಸ್ಪೀಕರ್ ಎಲ್ಲ ಮೈಕ್‌ನಲ್ಲೇ, ಮೂಲ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಹಿಂದೆ. ಡುಕಾಟೊ ಮುಂಭಾಗದಲ್ಲಿ ಜಾಗವೇ ಇಲ್ಲದಿರುವುದರಿಂದ ಇದು ದೊಡ್ಡ ಅನುಕೂಲ. ಕೊರತೆಯೂ ಅಲ್ಲೇ ಇದೆ: ಮೈಕ್ ಕೆಟ್ಟರೆ ಇಡೀ ರೇಡಿಯೊ ಮೂಕ. ಹ್ಯಾಂಡ್‌ಸೆಟ್‌ಗಳಲ್ಲಿ ಅದೇ ಕಂಪನಿಯ ಟಿಎಕ್ಸ್6160 ಗಟ್ಟಿಮುಟ್ಟಾಗಿದೆ: 5 ವ್ಯಾಟ್, ಧೂಳು ನೀರು ತಡೆಯುವ ಐಪಿ67. ಅರ್ಧ, ಒಂದು ವ್ಯಾಟ್‌ನ ಜೋಡಿ ಸೆಟ್‌ಗಳು ಬಹಳ ಅಗ್ಗ, ಅದರಿಂದ ಲಾರಿಯವನ ಜೊತೆ ಮಾತಾಡುವ ಆಸೆ ಇಟ್ಟುಕೊಳ್ಳಬೇಡಿ. ಅವನ ಮಾತು ನಿಮಗೆ ಕೇಳುತ್ತದೆ, ನಿಮ್ಮದು ಅವನಿಗೆ ತಲುಪುವುದಿಲ್ಲ. ಅದು ಇನ್ನೂ ಕಿರಿಕಿರಿ.

ಬಾಡಿಗೆ ಗಾಡಿಯಾದರೆ ತೂತು ಕೊರೆಯುವಂತಿಲ್ಲ, ತಂತಿ ಕತ್ತರಿಸುವಂತಿಲ್ಲ. ಲೈಟರ್ ಸಾಕೆಟ್‌ಗೆ ಸಿಕ್ಕಿಸುವ 5 ವ್ಯಾಟ್ ಕಿಟ್, ಮ್ಯಾಗ್ನೆಟ್ ಬುಡದ ಆಂಟೆನಾ ತೆಗೆದುಕೊಂಡು ಬಾನೆಟ್ ಮೇಲೆ ಇಡಿ. ಬಾನೆಟ್ ಉಕ್ಕಿನದೋ ಎಂದು ಫ್ರಿಜ್ ಮ್ಯಾಗ್ನೆಟ್ ಇಟ್ಟು ಪರೀಕ್ಷಿಸಿ. ಇಡುವ ಮುಂಚೆ ಎರಡೂ ಮೇಲ್ಮೈಯ ಧೂಳು ಒರೆಸದಿದ್ದರೆ ಬಣ್ಣ ಗೀಚಿ ಠೇವಣಿ ಹೋಗುತ್ತದೆ. ಕೇಬಲ್ಲನ್ನು ಬಾಗಿಲ ರಬ್ಬರಿನ ಕೆಳಭಾಗದಿಂದ ತನ್ನಿ. ಮೇಲಿನಿಂದ ತಂದರೆ ಮಳೆನೀರು ಅದರ ಜೊತೆಗೇ ಒಳಗೆ ಬರುತ್ತದೆ.

ರಿವರ್ಸ್ ತೆಗೆಯುವ ಕೆಲಸಕ್ಕೆ ಮಾತ್ರ ಅಗ್ಗದ ಜೋಡಿ ಬಂಗಾರ. ಕ್ಯಾಮೆರಾ ನೆಲ ತೋರಿಸುತ್ತದೆ, ಛಾವಣಿಯ ಎಸಿಗೆ ತಾಗುವ ಕೊಂಬೆ ತೋರಿಸುವುದಿಲ್ಲ. ಇಲ್ಲಿ ಒಂದೇ ನಿಯಮವನ್ನು ಇಬ್ಬರೂ ಪಾಲಿಸಬೇಕು: ಹಿಂದೆ ನಿಂತವರು ಗುಂಡಿ ಒತ್ತಿಹಿಡಿದು 'ಬನ್ನಿ, ಬನ್ನಿ, ಬನ್ನಿ' ಎಂದು ಬಿಡದೆ ಹೇಳುತ್ತಿರಬೇಕು, ಮಾತು ನಿಂತರೆ ಗಾಡಿ ನಿಲ್ಲಬೇಕು. 'ನಿಲ್ಸಿ' ಎಂದು ಹೇಳಲು ಕಾದರೆ, ಬ್ಯಾಟರಿ ಸತ್ತಾಗ ಅಥವಾ ಬೆರಳು ಜಾರಿದಾಗ ಗಾಡಿ ಕಂಬಕ್ಕೆ ಹೋಗುತ್ತದೆ. ಧ್ವನಿಗೆ ತಾನೇ ಆನ್ ಆಗುವ ವಾಕ್ಸ್ ಸೌಲಭ್ಯ ಬಳಸಬೇಡಿ, ಅದು ಪ್ರತಿ ಮಾತಿನ ಮೊದಲ ಅಕ್ಷರ ನುಂಗುತ್ತದೆ. ಎಡ, ಬಲ ಎನ್ನುವುದೂ ಬೇಡ, ಎದುರುಬದುರು ನಿಂತಾಗ ತಿರುಗಾಮುರುಗಾ ಆಗುತ್ತದೆ. 'ಡ್ರೈವರ್ ಕಡೆ', 'ಬಾಗಿಲ ಕಡೆ' ಅನ್ನಿ. ಆಸ್ಟ್ರೇಲಿಯಾದಲ್ಲಿ ಡ್ರೈವರ್ ಬಲಕ್ಕೆ, ಮೋಟರ್‌ಹೋಮ್‌ನ ಮನೆ ಬಾಗಿಲು ಸಾಮಾನ್ಯವಾಗಿ ಎಡಕ್ಕೆ. ಕ್ಯಾಂಪಿನಲ್ಲಿ 18ರಲ್ಲಿ ಇದನ್ನು ಮಾಡಬೇಡಿ, ಪಕ್ಕದ ಸಾಲಿನವರ 'ಸ್ಟಾಪ್' ಕೇಳಿ ನೀವು ನಿಲ್ಲಿಸುತ್ತೀರಿ, ಅಥವಾ ಅವರ 'ಕಮ್ ಆನ್' ಕೇಳಿ ಹೋಗುತ್ತೀರಿ.

'ರೇಡಿಯೊ ಕೆಟ್ಟಿದೆ' ಎಂದು ಅಂಗಡಿಗೆ ಒಯ್ಯುವ ಮೊದಲು ನೋಡಬೇಕಾದವು. 40ರಲ್ಲಿ ಯಾರೂ ಕೇಳುತ್ತಿಲ್ಲವೇ? ಸಿಟಿಸಿಎಸ್ಎಸ್ ಎಂಬ ಟೋನ್ ಕೋಡ್ ಆನ್ ಆಗಿರಬಹುದು; ಅದೇ ಟೋನ್ ಕಳಿಸದವರ ಮಾತನ್ನೆಲ್ಲ ಸೆಟ್ ಬಾಯಿಮುಚ್ಚಿಸುತ್ತದೆ. ಅದಕ್ಕೆ 'ಪ್ರೈವಸಿ ಕೋಡ್' ಎಂಬ ಹೆಸರು ಬೇರೆ, ನಿಮ್ಮ ಮಾತು ಎಲ್ಲರಿಗೂ ಕೇಳುತ್ತಲೇ ಇರುತ್ತದೆ. ಹಿನ್ನೆಲೆಯ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಪೂರ್ತಿ ಇಳಿಸಿ: ಸೊಂಯ್ ಎಂಬ ಸದ್ದು ಬಂದರೆ ಸೆಟ್ ಬದುಕಿದೆ, ಸದ್ದು ಆಗತಾನೇ ನಿಲ್ಲುವ ಮಟ್ಟಕ್ಕೆ ಏರಿಸಿ ಬಿಡಿ. ಎರಡು ಗಾಡಿಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತದೆ, ಆ ಕಡೆಯಿಂದ ಉತ್ತರ ಬರುವುದಿಲ್ಲವೆಂದರೆ ಯಾರ ಉತ್ತರ ಕೇಳಿಸುತ್ತಿಲ್ಲವೋ ಅವರ ಸೆಟ್‌ನಲ್ಲಿ ಡುಪ್ಲೆಕ್ಸ್ ಆನ್ ಇದೆಯೇ ನೋಡಿ. 1ರಿಂದ 8ರಲ್ಲಿ ಡುಪ್ಲೆಕ್ಸ್ ಇದ್ದರೆ ಕೇಳುವುದು ಆ ಚಾನೆಲ್‌ನಲ್ಲಿ, ಹೇಳುವುದು 30 ಚಾನೆಲ್ ಮೇಲೆ. ಎಲ್ಲರ ಮಾತು ಒಮ್ಮೆಲೇ ನಿಂತು ಮೌನವೋ ಎಂಜಿನ್ ಸದ್ದೋ ತುಂಬಿಕೊಂಡರೆ ಯಾರದೋ ಮೈಕ್ ಸೀಟಿನ ಸಂದಿಗೆ ಬಿದ್ದು ಒತ್ತಿಕೊಂಡಿದೆ. ಅದು ನಿಮ್ಮದೇ ಇರಬಹುದು, ಕೊಕ್ಕೆಗೆ ಹಾಕಿ.

ತುರ್ತುಸ್ಥಿತಿಗೆ ಇದನ್ನು ನೆಚ್ಚಬೇಡಿ ಎಂದದ್ದು ಯಾಕೆಂದರೆ, 5ರಲ್ಲಿ ಕೂಗಿದರೂ ಹತ್ತು ಹದಿನೈದು ಕಿ.ಮೀ. ಒಳಗೆ ಯಾರಾದರೂ ಕೇಳುತ್ತಿರಬೇಕು. ನಾರ್ಸ್‌ಮನ್‌ನಿಂದ ಪೋರ್ಟ್ ಅಗಸ್ಟಾವರೆಗೆ ಐರ್ ಹೆದ್ದಾರಿ 1,660 ಕಿ.ಮೀ.; ಬಲಡೋನಿಯಾ, ಕೈಗೂನಾ ನಡುವೆ ಒಂದು ತಿರುವೂ ಇಲ್ಲದ 146.6 ಕಿ.ಮೀ. ಇದೆ. ರಸ್ತೆಯ ಕೆಲವು ತುಂಡುಗಳನ್ನೇ ಫ್ಲೈಯಿಂಗ್ ಡಾಕ್ಟರ್ (ವಿಮಾನದಲ್ಲಿ ಬರುವ ವೈದ್ಯರ ಸೇವೆ) ವಿಮಾನ ಇಳಿಯಲು ಗುರುತು ಮಾಡಿದ್ದಾರೆ ಎಂದರೆ ಆಸ್ಪತ್ರೆ ಎಷ್ಟು ದೂರ ಎಂದು ಅಂದಾಜಾಗುತ್ತದೆ. ಅಲ್ಲಿ ಜೀವ ಉಳಿಸುವುದು 406 ಮೆಗಾಹರ್ಟ್ಸ್‌ನ ಪಿಎಲ್‌ಬಿ (ನೀವಿರುವ ಜಾಗ ತಿಳಿಸುವ ಕೈಯಳತೆಯ ತುರ್ತು ಸಾಧನ), ಒಮ್ಮೆ ಒತ್ತಿದರೆ ಕನಿಷ್ಠ 24 ಗಂಟೆ ಉಪಗ್ರಹಕ್ಕೆ ಕೂಗುತ್ತಿರುತ್ತದೆ. ಐಫೋನ್ 14 ಮತ್ತು ಅದರ ನಂತರದ ಐಫೋನ್‌ಗಳ ಉಪಗ್ರಹ ತುರ್ತು ಸಂದೇಶ 2023ರಿಂದ ಆಸ್ಟ್ರೇಲಿಯಾದಲ್ಲೂ ಇದೆ. ಆದರೆ ಉಪಗ್ರಹ ಫೋನ್ ನಿಮ್ಮ ಮುಂದಿನ ರೋಡ್ ಟ್ರೇನ್ ಡ್ರೈವರನ್ನು ಹಿಡಿದುಕೊಡುವುದಿಲ್ಲ. ಎರಡರ ಕೆಲಸ ಬೇರೆ, ಒಂದಿದೆ ಎಂದು ಇನ್ನೊಂದನ್ನು ಬಿಡುವಂತಿಲ್ಲ.

ಊರಿನಿಂದ ಅಥವಾ ಅಮೆರಿಕದಿಂದ ಬರುವ ನೆಂಟರಿಗೆ ವಾಕಿಟಾಕಿ ತರಲು ಹೇಳಬೇಡಿ. ಅಮೆರಿಕದ ಎಫ್‌ಆರ್‌ಎಸ್ ಸೆಟ್‌ಗಳು 462 ಮತ್ತು 467ರಲ್ಲಿ, ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದವು 446.0–446.2 ಮೆಗಾಹರ್ಟ್ಸ್‌ನಲ್ಲಿ. ಎರಡೂ ಆಸ್ಟ್ರೇಲಿಯಾದ ಚಾನೆಲ್‌ಗಳಿಗೆ ತಲುಪುವುದಿಲ್ಲ, ಇಲ್ಲಿ ಬಳಸುವುದು ಕಾನೂನುಬಾಹಿರ ಕೂಡ. ಇಲ್ಲಿಯ ಸೆಟ್ ಊರಿಗೆ ಒಯ್ದರೂ ಅದೇ ಕತೆ. ಯಾವ ಚಾನೆಲ್ ಬೇಕಾದರೂ ತುಂಬಬಹುದಾದ ಚೀನಾದ ಅಗ್ಗದ ಸೆಟ್‌ಗಳನ್ನು 476ಕ್ಕೆ ತಿರುಗಿಸಬಹುದು, ಆದರೆ ಯುಎಚ್‌ಎಫ್ ಸಿಬಿಗೆ ಇರುವ ಎಎಸ್/ಎನ್‌ಜೆಡ್‌ಎಸ್ 4365 ಮಾನದಂಡಕ್ಕೆ ಒಳಪಡದಿದ್ದರೆ ಅವೂ ಸಲ್ಲುವುದಿಲ್ಲ. ನ್ಯೂಜಿಲೆಂಡ್‌ಗೆ ಮಾತ್ರ ಧೈರ್ಯವಾಗಿ ಒಯ್ಯಬಹುದು, ತರಂಗ ಪಟ್ಟಿ ಒಂದೇ.

ಎಲ್ಲ ಹಾಕಿಸಿದ ಮೇಲೆ ಗಾಡಿಯ ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ಯುಎಚ್‌ಎಫ್ 40' ಎಂಬ ಇಂಗ್ಲಿಷ್ ಸ್ಟಿಕರ್ ಅಂಟಿಸಿ, ಹಿಂದಿನ ಲಾರಿಯವನು ಕರೆಯಬೇಕಲ್ಲ. 18 ಎಂದು ಬರೆದುಕೊಂಡು 40ರಲ್ಲಿ ಕೂತಿರಬೇಡಿ. ಎರಡನ್ನೂ ಸ್ಕ್ಯಾನ್‌ನಲ್ಲಿ ಇಟ್ಟಿದ್ದರೆ ಉತ್ತರಿಸುವ ಮುಂಚೆ ಪರದೆಯಲ್ಲಿ ಯಾವ ಸಂಖ್ಯೆ ನಿಂತಿದೆ ಎಂದು ಒಮ್ಮೆ ನೋಡಿ.